ಕ್ಲಿಪ್ ತೆಗೆಸಿ ಹನ್ನೊಂದು ವರ್ಷವಾದ ಮೇಲೆ ಮುಂದಿನ ಹಲ್ಲುಗಳ ನಡುವೆ ಮತ್ತೆ ಸಂದು ಬಂದಿದೆ

ತುಂಗಾತೀರ:

ನನಗೆ ಹದಿನೈದು ವರ್ಷವಾಗಿದ್ದಾಗ ಶಿವಮೊಗ್ಗದಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿದ್ದರು. ಮೇಲೆ ಎರಡು, ಕೆಳಗೆ ಎರಡು ಹಲ್ಲು ಕೀಳಿಸಿ, ಎರಡು ವರ್ಷಕ್ಕೂ ಹೆಚ್ಚು ಕಾಲ ತಿಂಗಳಿಗೊಮ್ಮೆ ತಂತಿ ಬಿಗಿಸಿಕೊಂಡು, ಉಬ್ಬಿದ್ದ ಮೇಲಿನ ಸಾಲನ್ನು ಒಳಕ್ಕೆ ಸರಿಸಿದ್ದಲ್ಲದೆ, ನಡುವಿನ ಎರಡು ದೊಡ್ಡ ಹಲ್ಲುಗಳ ಮಧ್ಯೆ ಇದ್ದ ಸಂದನ್ನೂ ಮುಚ್ಚಿದ್ದರು. ಕ್ಲಿಪ್ ತೆಗೆದ ದಿನ, ಹಲ್ಲು ಮತ್ತೆ ಕದಲದಂತೆ ಹಿಡಿದಿಡುವ ಪ್ಲೇಟ್ ಕೊಟ್ಟು, ಮೊದಲ ವರ್ಷ ಊಟದ ಹೊತ್ತು ಬಿಟ್ಟು ಇಡೀ ದಿನ, ಆಮೇಲೆ ರಾತ್ರಿ ಮಾತ್ರ ಹಾಕಿಕೊಳ್ಳಬೇಕೆಂದು ಹೇಳಿದ್ದರು. ಎಷ್ಟು ವರ್ಷ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂರನೆಯ ವರ್ಷದಿಂದ ವಾರಕ್ಕೆ ಎರಡೋ ಮೂರೋ ರಾತ್ರಿ ಹಾಕಿಕೊಳ್ಳುತ್ತಿದ್ದೆ. ಹಾಕಿದಾಗ ಸ್ವಲ್ಪ ಬಿಗಿ ಎನಿಸಿದರೂ ಬೆಳಗಾಗುವಷ್ಟರಲ್ಲಿ ಸರಿಹೋಗುತ್ತಿತ್ತು.

ಕಳೆದ ವರ್ಷ ಬಾಣಂತನಕ್ಕೆ ತವರಿಗೆ ಹೋದಾಗ ಪ್ಲೇಟು ಬೆಂಗಳೂರಿನ ಮನೆಯ ಬೀರುವಿನಲ್ಲೇ ಉಳಿಯಿತು. ಐದು ತಿಂಗಳ ನಂತರ ಬಂದು ಹಾಕಿಕೊಂಡರೆ ಅದು ಕೂರಲೇ ಇಲ್ಲ. ಈಗ ಮೇಲಿನ ಸಂದಿನಲ್ಲಿ ಬಸ್ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ತೂರಿಸಿದರೂ ಸಲೀಸಾಗಿ ಹೋಗುತ್ತದೆ. ಕೆಳಗೆ ನಡುವಿನ ಒಂದು ಹಲ್ಲು ಓರೆಯಾಗಿ ಮುಂದೆ ಬಂದಿದ್ದು, ಅದರ ಅಂಚು ದಿನವಿಡೀ ನಾಲಿಗೆಗೆ ತಗುಲುತ್ತಿರುತ್ತದೆ. ಇಷ್ಟು ವರ್ಷವಾದ ಮೇಲೂ ಹಲ್ಲು ಕದಲುವುದಾದರೆ ಎಲುಬು ಗಟ್ಟಿಯಾಗುವುದು ಯಾವಾಗ? ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಎಲ್ಲವನ್ನೂ ಅನುಭವಿಸಬೇಕೆ? ಒಂದು ಹೆರಿಗೆಗೆ ಒಂದು ಹಲ್ಲು ಎಂಬ ಲೆಕ್ಕ ಹಿಂದಿನಿಂದಲೂ ಇದೆಯೆಂದು ನಮ್ಮ ದೊಡ್ಡಮ್ಮ ಹೇಳುತ್ತಾರೆ, ಅದರಲ್ಲಿ ಹುರುಳಿದೆಯೆ?

ಹುಬ್ಬಳ್ಳಿಯಾಂವ:

ನನ್ನದೂ ಇದೇ ಕಥೆ, ಆದರೆ ನನ್ನ ತಪ್ಪು ಇನ್ನೂ ದೊಡ್ಡದು. ಕ್ಲಿಪ್ ತೆಗೆಸಿ ನಾಲ್ಕು ತಿಂಗಳಾಗಿತ್ತು. ಸೋದರಮಾವನ ಮಗನ ಮದುವೆಯ ಊಟಕ್ಕೆ ಕೂತಾಗ ಪ್ಲೇಟನ್ನು ಬಾಯಿಂದ ತೆಗೆದು, ಯಾರಿಗೂ ಕಾಣದಿರಲೆಂದು ಬಾಳೆಎಲೆಯ ತುದಿಯ ಕೆಳಗೆ ಸರಿಸಿಟ್ಟಿದ್ದೆ. ಊಟ ಮುಗಿದ ಮೇಲೆ ಅಭ್ಯಾಸದಂತೆ ಎಲೆ ಮಡಚಿ ಎದ್ದೆ. ನೆನಪಾಗಿ ಓಡಿ ಬರುವಷ್ಟರಲ್ಲಿ ಎರಡನೆಯ ಪಂಕ್ತಿ ಕೂತಾಗಿತ್ತು. ಛತ್ರದ ಹಿಂದಿನ ಎಲೆಯ ರಾಶಿಯಲ್ಲಿ ಅರ್ಧ ಗಂಟೆ ಹುಡುಕಿದೆ, ಸಿಗಲಿಲ್ಲ. ಮನೆಯಲ್ಲಿ ಬೈಯುತ್ತಾರೆಂಬ ಹೆದರಿಕೆಯಿಂದ ಹೊಸದನ್ನು ಮಾಡಿಸಲೇ ಇಲ್ಲ. ಒಂದು ವರ್ಷ ತುಂಬುವುದರೊಳಗೆ, ತಿರುಚಿಕೊಂಡಿದ್ದ ಕೋರೆಹಲ್ಲು ಬಹುಮಟ್ಟಿಗೆ ಮೊದಲಿನ ಹಾಗೆಯೇ ತಿರುಗಿ ನಿಂತಿತು. ನೇರ ಮಾಡಲು ಇಪ್ಪತ್ತು ತಿಂಗಳು ಹಿಡಿದದ್ದು ಅಷ್ಟು ಬೇಗ ಹೇಗೆ ಹಿಂದಿರುಗಿತೆಂಬುದು ನನಗೆ ಇಂದಿಗೂ ತಿಳಿದಿಲ್ಲ.

ನಿವೃತ್ತ ದಂತಶಿಕ್ಷಕ:

ಹಲ್ಲು ಸರಿಪಡಿಸುವ ವಿಭಾಗದಲ್ಲಿ ಮೂವತ್ತು ವರ್ಷ ಪಾಠ ಹೇಳಿದವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಕ್ಷಮೆಯಿರಲಿ.

ಕುಂಬಾರನ ಮಡಕೆಯಂತೆ ಒಮ್ಮೆ ಸುಟ್ಟರೆ ಆಕಾರ ಮುಗಿಯಿತು ಎಂದು ಬಹಳ ಜನ ಹಲ್ಲಿನ ಬಗ್ಗೆಯೂ ಭಾವಿಸುತ್ತಾರೆ. ಹಲ್ಲು ಎಲುಬಿಗೆ ಅಂಟಿಕೊಂಡಿರುವುದಿಲ್ಲ. ಬೇರಿಗೂ ದವಡೆಯ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪೊರೆಯಿದ್ದು, ಹಲ್ಲು ಅದರಲ್ಲಿ ತೂಗುಹಾಕಿದಂತೆ ನಿಂತಿರುತ್ತದೆ. ಮೆಲ್ಲಗೆ ಬಹುಕಾಲ ಒತ್ತಿದರೆ ಒತ್ತಿದ ಪಕ್ಕದ ಎಲುಬು ಕರಗಿ, ಹಿಂದೆ ಬಿಟ್ಟ ಪಕ್ಕದಲ್ಲಿ ಹೊಸ ಎಲುಬು ತುಂಬಿಕೊಳ್ಳುತ್ತದೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಹಲ್ಲು ಸರಿಯುವುದು ಹೀಗೆ. ಕ್ಲಿಪ್ ತೆಗೆದ ದಿನ ಎಲುಬಿನ ಈ ಗುಣ ಹೊರಟುಹೋಗುವುದಿಲ್ಲ, ಸಾಯುವವರೆಗೂ ಇರುತ್ತದೆ. ತಂತಿಯ ಬದಲು ನಾಲಿಗೆ ಒತ್ತಿದರೂ, ತುಟಿ ಒತ್ತಿದರೂ, ಎದುರು ಸಾಲಿನ ಹಲ್ಲು ಗುದ್ದಿದರೂ ಎಲುಬಿಗೆ ಎಲ್ಲವೂ ಒಂದೇ. ಆದ್ದರಿಂದ ಎಲುಬು ಗಟ್ಟಿಯಾಗುವುದು ಯಾವಾಗ ಎಂಬ ಪ್ರಶ್ನೆಗೆ, ನೀವು ಅಂದುಕೊಂಡ ಅರ್ಥದಲ್ಲಿ ಅದು ಎಂದೂ ಆಗುವುದಿಲ್ಲ ಎಂಬುದೇ ಉತ್ತರ.

ಹುಬ್ಬಳ್ಳಿಯವರ ಕೋರೆಹಲ್ಲಿನ ವಿಷಯ ಬೇರೆ. ಅಲ್ಲಿ ಕೆಲಸ ಮಾಡಿದ್ದು ಒಸಡಿನ ನಾರುಗಳು. ಬೇರಿನ ಸುತ್ತಲಿನ ನಾರುಗಳು ಮೂರು ನಾಲ್ಕು ತಿಂಗಳಲ್ಲಿ ಹೊಸ ಜಾಗಕ್ಕೆ ಒಗ್ಗಿಕೊಳ್ಳುತ್ತವೆ, ಒಸಡಿನೊಳಗಿನ ಕೊಲ್ಯಾಜೆನ್ ನಾರುಗಳಿಗೆ ನಾಲ್ಕರಿಂದ ಆರು ತಿಂಗಳು ಬೇಕು, ಆದರೆ ಎಲುಬಿನ ಅಂಚಿನಿಂದ ಮೇಲಿರುವ ಎಳೆದರೆ ಹಿಂದಕ್ಕೆ ಜಗ್ಗುವ ನಾರುಗಳು ಒಂದು ವರ್ಷವಾದರೂ ಹಳೆಯ ದಿಕ್ಕನ್ನು ಪೂರ್ತಿ ಬಿಟ್ಟಿರುವುದಿಲ್ಲ. ನಾರ್ವೆಯ ಕೋರೆ ರೈಟಾನ್ ಎಂಬ ಸಂಶೋಧಕರು ನಾಯಿಗಳ ಹಲ್ಲನ್ನು ತಿರುಗಿಸಿ ಹಿಡಿದಿಟ್ಟು ನೋಡಿದಾಗ, 232 ದಿನಗಳ ನಂತರವೂ ಆ ನಾರುಗಳು ಸೆಳೆದುಕೊಂಡೇ ಇದ್ದವು. ಅದಕ್ಕಾಗಿಯೇ ತೀರ ತಿರುಚಿದ ಹಲ್ಲುಗಳಿಗೆ, ನೇರ ಮಾಡಿದ ಮೇಲೆ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸುತ್ತಲಿನ ನಾರುಗಳನ್ನು ಕತ್ತರಿಸಿಬಿಡುವ ಸಣ್ಣ ಶಸ್ತ್ರಕ್ರಿಯೆಯೂ ಇದೆ. ನಾಲ್ಕನೆಯ ತಿಂಗಳಿಗೇ ಪ್ಲೇಟು ಎಲೆಯ ಜೊತೆ ಹೋದದ್ದು, ನಾರುಗಳು ಇನ್ನೂ ಹಳೆಯ ಮನೆಯ ಕಡೆಗೇ ಎಳೆಯುತ್ತಿದ್ದ ಕಾಲದಲ್ಲಿ.

ತುಂಗಾತೀರ ಅವರೇ, ನಿಮ್ಮದು ಹನ್ನೊಂದು ವರ್ಷದ ಮಾತು. ಇದನ್ನು ನಾರುಗಳ ತಲೆಗೆ ಕಟ್ಟಲಾಗದು. ಕೆಳಗಿನ ಹಲ್ಲು ಓರೆಯಾದದ್ದಕ್ಕೂ ಮೇಲಿನ ಸಂದಿಗೂ ಒಂದೇ ಕಾರಣ ಇರಬೇಕಾಗಿಲ್ಲ. ಕೆಳಗಿನ ಮುಂದಿನ ಹಲ್ಲುಗಳು ಇಕ್ಕಟ್ಟಾಗುವುದು ವಯಸ್ಸಿನ ಜೊತೆ ಬರುವಂಥದ್ದು. ಜನ್ಮದಲ್ಲಿ ಕ್ಲಿಪ್ ಹಾಕದವರಲ್ಲೂ ಕೆಳದವಡೆಯ ಸಾಲಿನ ಉದ್ದ, ಅಗಲ ನಿಧಾನವಾಗಿ ಕುಗ್ಗುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟ್ಲ್ ಮತ್ತು ಸಂಗಡಿಗರು, ನಿಮ್ಮಂತೆಯೇ ನಾಲ್ಕು ಹಲ್ಲು ಕೀಳಿಸಿ ಚಿಕಿತ್ಸೆ ಪಡೆದವರನ್ನು, ಹಿಡಿದಿಡುವ ಸಾಧನ ಬಿಟ್ಟು ಹತ್ತು ವರ್ಷ ಕಳೆದ ಮೇಲೆ ಪರೀಕ್ಷಿಸಿ 1981ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಮೂರರಲ್ಲಿ ಎರಡು ಪಾಲು ಜನರ ಕೆಳಗಿನ ಮುಂದಿನ ಹಲ್ಲುಗಳು ತೃಪ್ತಿಕರವಾಗಿರಲಿಲ್ಲ. 1988ರಲ್ಲಿ ಇಪ್ಪತ್ತು ವರ್ಷದ ಲೆಕ್ಕ ಬಂದಾಗ ಒಪ್ಪಬಹುದಾದ ಸಾಲು ಉಳಿದಿದ್ದದ್ದು ಹತ್ತರಲ್ಲಿ ಒಬ್ಬರಿಗೆ ಮಾತ್ರ. ಯಾರ ಹಲ್ಲು ಕದಲುತ್ತದೆ, ಯಾರದು ನಿಲ್ಲುತ್ತದೆ ಎಂದು ಮೊದಲೇ ಹೇಳಬಲ್ಲ ಗುರುತೂ ಅವರಿಗೆ ಸಿಗಲಿಲ್ಲ. ಇದನ್ನು ಕ್ಲಿಪ್ ಹಾಕುವ ಮೊದಲ ದಿನವೇ ತಂದೆತಾಯಿಗೆ ಹೇಳಬೇಕು. ಹೇಳದೆ ಎರಡು ವರ್ಷದಲ್ಲಿ ಮುಗಿಯುತ್ತದೆ ಎನ್ನುವುದು ನಮ್ಮ ವೃತ್ತಿಯ ಹಳೆಯ ದೋಷ; ನಾನೂ ಮೊದಮೊದಲು ಹಾಗೆಯೇ ಹೇಳುತ್ತಿದ್ದೆ.

ಮೇಲಿನ ಸಂದಿಗೆ ಬಂದರೆ, ಅದನ್ನು ಮುಚ್ಚುವುದು ಸುಲಭ, ಅದು ಏಕೆ ತೆರೆಯಿತೆಂದು ಕಂಡುಹಿಡಿಯುವುದೇ ಕಷ್ಟ. ಕನ್ನಡಿಯ ಮುಂದೆ ನಿಂತು ಮೇಲ್ತುಟಿಯನ್ನು ಎತ್ತಿ ಮುಂದಕ್ಕೆ ಎಳೆಯಿರಿ. ಎರಡು ಹಲ್ಲುಗಳ ನಡುವಿನ ಒಸಡು ಬಿಳಿಚಿಕೊಂಡರೆ ತುಟಿಯನ್ನು ಕಟ್ಟಿರುವ ಪೊರೆ ಬಹಳ ಕೆಳಗೆ ಇಳಿದಿದೆಯೆಂದು ಅರ್ಥ. ತೋರುಬೆರಳನ್ನು ಮೇಲಿನ ಎರಡು ಹಲ್ಲುಗಳ ಮೇಲೆ ಹಗುರವಾಗಿ ಇಟ್ಟು ಹಿಂದಿನ ಹಲ್ಲುಗಳನ್ನು ಟಕ್ಕೆಂದು ಕಚ್ಚಿ. ಬೆರಳಿಗೆ ಅದುರಿದ್ದು ತಿಳಿದರೆ ಕೆಳಗಿನ ಹಲ್ಲುಗಳು ಮೇಲಿನವನ್ನು ಪ್ರತಿ ಕಚ್ಚಿಗೂ ಹೊರಕ್ಕೆ ದೂಡುತ್ತಿವೆ. ಉಗುಳು ನುಂಗುವಾಗ ನಾಲಿಗೆಯ ತುದಿ ಹಲ್ಲಿನ ಬೆನ್ನಿಗೆ ಒತ್ತುತ್ತದೆಯೆ ಗಮನಿಸಿ. ಕೆಲವರಿಗೆ ಮೇಲಿನ ಹಲ್ಲುಗಳ ಅಗಲವೇ ಕೆಳಗಿನವಕ್ಕೆ ಸಾಲದು; ಕೆಳಗಿನ ಆರು ಮುಂದಿನ ಹಲ್ಲುಗಳ ಒಟ್ಟು ಅಗಲ ಮೇಲಿನ ಆರರ ಶೇಕಡಾ 77.2ರ ಆಸುಪಾಸಿನಲ್ಲಿರಬೇಕೆಂದು ಬೋಲ್ಟನ್ ಎಂಬವರು 1958ರಲ್ಲಿ ಅಳೆದು ತೋರಿಸಿದ್ದಾರೆ. ಆ ಅನುಪಾತ ತಪ್ಪಿದ್ದರೆ ಎಷ್ಟು ಸಲ ಎಳೆದು ಕೂಡಿಸಿದರೂ ಎಲ್ಲಾದರೊಂದು ಕಡೆ ಸಂದು ಉಳಿಯುತ್ತದೆ. ಅಲ್ಲಿ ಹಲ್ಲಿನ ಬಣ್ಣದ ಕಾಂಪೊಸಿಟ್ ಹಚ್ಚಿ ಹಲ್ಲನ್ನೇ ಅಗಲ ಮಾಡುವುದು ಮೇಲು.

ಎಲ್ಲಕ್ಕಿಂತ ಮೊದಲು, ಹಲ್ಲುಜ್ಜುವಾಗ ರಕ್ತ ಬರುತ್ತದೆಯೆ ಎಂದು ತಿಳಿಸಿ. ಬಸಿರಿನಲ್ಲಿ ಹಾರ್ಮೋನುಗಳ ಏರಿಕೆಯಿಂದ ಒಸಡು ಊದಿಕೊಳ್ಳುವುದು, ಹಲ್ಲು ಸ್ವಲ್ಪ ಸಡಿಲವಾಗುವುದು ಸಾಮಾನ್ಯ. ಹೊಟ್ಟೆಯ ಮಗು ತಾಯಿಯ ಹಲ್ಲಿನ ಸುಣ್ಣವನ್ನು ಹೀರುತ್ತದೆ ಎಂಬುದು ಮಾತ್ರ ಸುಳ್ಳು. ಹಲ್ಲಿನಿಂದ ಕ್ಯಾಲ್ಸಿಯಂ ಹಾಗೆ ಹೊರಡುವುದಿಲ್ಲ. ನಿಮ್ಮ ದೊಡ್ಡಮ್ಮನ ಕಾಲದಲ್ಲಿ ಬಸುರಿ ಬಾಣಂತಿಯರ ಒಸಡನ್ನು ಯಾರೂ ನೋಡುತ್ತಿರಲಿಲ್ಲ, ಹಲ್ಲು ಹೋಗುತ್ತಿದ್ದದ್ದು ನಿಜವಿದ್ದೀತು, ಲೆಕ್ಕ ಮಾತ್ರ ತಪ್ಪು.

ಕೋಲಾರದ ಮೇಷ್ಟ್ರು:

ಡಾಕ್ಟರೇ, ತಮ್ಮ ವಿವರಣೆ ಬಹಳ ಉಪಯುಕ್ತವಾಯಿತು. ಆದರೆ ಬುದ್ಧಿಹಲ್ಲಿನ ಮಾತನ್ನು ತಾವು ಎತ್ತಲೇ ಇಲ್ಲ. ನನ್ನ ಮಗಳಿಗೆ ಕ್ಲಿಪ್ ತೆಗೆದ ಕೂಡಲೇ, ಹಿಂದಿನಿಂದ ಬುದ್ಧಿಹಲ್ಲು ತಳ್ಳಿ ಮುಂದಿನವು ಮತ್ತೆ ಸೊಟ್ಟಗಾಗುತ್ತವೆ, ನಾಲ್ಕನ್ನೂ ಕೀಳಿಸಿಬಿಡಿ ಎಂದು ಒಬ್ಬರು ಹೇಳಿದ್ದಾರೆ. ಬಸ್ಸಿನಲ್ಲಿ ಹಿಂದಿನವರು ನೂಕಿದರೆ ಮುಂದಿನವರು ಬೀಳುವಂತೆ ಎಂದು ಅವರು ಹೇಳಿದ್ದು ನನಗೂ ಸರಿಯೆನಿಸಿತು.

ನಿವೃತ್ತ ದಂತಶಿಕ್ಷಕ:

ಮೇಷ್ಟ್ರೇ, ಹೋಲಿಕೆ ಚೆನ್ನಾಗಿದೆ, ಹಲ್ಲಿಗೆ ಹೊಂದುವುದಿಲ್ಲ. ಬುದ್ಧಿಹಲ್ಲು ಹುಟ್ಟಿನಿಂದಲೇ ಇಲ್ಲದವರಲ್ಲೂ ಕೆಳಗಿನ ಸಾಲು ಇಕ್ಕಟ್ಟಾಗುತ್ತದೆ. ಕ್ಲಿಪ್ ಚಿಕಿತ್ಸೆ ಪಡೆದವರಲ್ಲಿ ಕೆಲವರ ಬುದ್ಧಿಹಲ್ಲು ಕಿತ್ತು, ಕೆಲವರದನ್ನು ಬಿಟ್ಟು ವರ್ಷಗಟ್ಟಲೆ ಹೋಲಿಸಿ ನೋಡಿದ ಬ್ರಿಟನ್ನಿನ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಮುಂದಿನ ಹಲ್ಲು ಇಕ್ಕಟ್ಟಾಗುವುದನ್ನು ತಪ್ಪಿಸಲಿಕ್ಕೆಂದೇ ಬುದ್ಧಿಹಲ್ಲು ಕೀಳುವುದಕ್ಕೆ ಸಮರ್ಥನೆಯಿಲ್ಲ ಎಂಬುದು ಅದರ ತೀರ್ಮಾನ. ಅಡ್ಡಡ್ಡ ಬೆಳೆದು ಪಕ್ಕದ ಹಲ್ಲನ್ನು ಹಾಳುಮಾಡುತ್ತಿದ್ದರೆ, ಪದೇಪದೇ ಕೀವು ತುಂಬುತ್ತಿದ್ದರೆ ಕೀಳಿಸಿ. ಅದು ಬೇರೆ ಕಾರಣ.

ಒಂದಡಕೆ:

ಇಷ್ಟೆಲ್ಲ ಖರ್ಚು ಏಕೆ? ಎರಡು ಹಲ್ಲುಗಳ ನಡುವಿನ ಸಂದನ್ನು ಕೂಡಿಸಲು ಅವೆರಡಕ್ಕೂ ಸೇರಿಸಿ ಚಿಕ್ಕ ರಬ್ಬರ್ ಬ್ಯಾಂಡ್ ಹಾಕಿಕೊಂಡು ಮಲಗಿದರೆ ಎರಡು ವಾರದಲ್ಲಿ ಮುಚ್ಚುತ್ತದೆ ಎಂದು ತೋರಿಸುವ ವೀಡಿಯೊಗಳಿವೆ. ನನ್ನ ಸ್ನೇಹಿತನೊಬ್ಬ ಮಾಡಿಕೊಂಡು ಯಶಸ್ವಿಯಾಗಿದ್ದಾನೆ.

ನಿವೃತ್ತ ದಂತಶಿಕ್ಷಕ:

ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಸಂದು ಮುಚ್ಚುತ್ತದೆ ಎಂಬುದು ನಿಜ, ಮೋಸವಿರುವುದೇ ಅಲ್ಲಿ. ಹಲ್ಲಿನ ಬೇರು ಮೂಲಂಗಿಯ ಹಾಗೆ, ತುದಿಯ ಕಡೆಗೆ ಹೋದಂತೆ ಸಣ್ಣದಾಗುತ್ತದೆ. ಹಲ್ಲಿನ ಕುತ್ತಿಗೆಗೆ ಸುತ್ತಿದ ರಬ್ಬರ್ ಬಿಗಿದುಕೊಳ್ಳುತ್ತ, ಅಗಲ ಕಡಿಮೆಯಿರುವ ಕಡೆಗೆ ತಾನಾಗಿಯೇ ಜಾರುತ್ತ ಒಸಡಿನೊಳಗೆ ನುಸುಳುತ್ತದೆ. ಬೆಳಿಗ್ಗೆ ಎದ್ದಾಗ ರಬ್ಬರ್ ಕಾಣದಿದ್ದರೆ ನಿದ್ದೆಯಲ್ಲಿ ಬಿದ್ದುಹೋಗಿರಬೇಕೆಂದು ಇನ್ನೊಂದನ್ನು ಹಾಕುತ್ತಾರೆ. ಒಳಗೆ ಹೋದದ್ದು ಬೇರಿನ ತುದಿಯವರೆಗೂ ಎಲುಬನ್ನು ತಿಂದುಕೊಂಡು ಹೋಗುತ್ತದೆ, ಎಕ್ಸ್‌ರೇಯಲ್ಲಿ ರಬ್ಬರ್ ಕಾಣುವುದೂ ಇಲ್ಲ. ನಾನು ಕೆಲಸದಲ್ಲಿದ್ದಾಗ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಕರೆತಂದಿದ್ದರು. ಮುಂದಿನ ಎರಡೂ ಹಲ್ಲುಗಳು ಅರ್ಧ ಸೆಂಟಿಮೀಟರ್ ಇಳಿದು, ಬೆರಳು ತಾಗಿಸಿದರೆ ಓಲಾಡುತ್ತಿದ್ದವು. ಒಸಡು ಬಿಡಿಸಿ ನೋಡಿದಾಗ ಎರಡು ರಬ್ಬರ್‌ಗಳು ಸಿಕ್ಕವು. ಆ ಹಲ್ಲುಗಳನ್ನು ಉಳಿಸಲಾಗಲಿಲ್ಲ. ನಿಮ್ಮ ಸ್ನೇಹಿತರ ಒಸಡನ್ನು ಆದಷ್ಟು ಬೇಗ ಯಾರಿಗಾದರೂ ತೋರಿಸಿ.

ಒಂದಡಕೆ:

ತಿಳಿಯದೆ ಬರೆದೆ. ಸ್ನೇಹಿತನಿಗೆ ಈಗಲೇ ಹೇಳುತ್ತೇನೆ.

ಡಬ್ಲಿನ್ ಕನ್ನಡತಿ:

ನಾನು ತೆಗೆದು ಹಾಕುವ ಪ್ಲೇಟಿನ ಗೋಜೇ ಬೇಡವೆಂದು ಕೆಳಗೆ ಕೋರೆಹಲ್ಲಿನಿಂದ ಕೋರೆಹಲ್ಲಿನವರೆಗೆ ಹಲ್ಲಿನ ಬೆನ್ನಿಗೆ ಅಂಟಿಸುವ ಒಳತಂತಿ ಹಾಕಿಸಿಕೊಂಡಿದ್ದೇನೆ. ಅದರಲ್ಲೂ ನೆಮ್ಮದಿಯಿಲ್ಲವೆಂಬುದನ್ನು ಹೇಳಬೇಕೆನಿಸಿತು. ಊರಿಗೆ ಬಂದಾಗ ಸಂಕ್ರಾಂತಿಯ ಕಬ್ಬನ್ನು ಹಲ್ಲಿನಿಂದ ಸಿಗಿದಿದ್ದೆ. ಆಗಲೋ ಏನೋ ಒಂದು ಹಲ್ಲಿನ ಮೇಲಿನ ಅಂಟು ಬಿಟ್ಟಿತ್ತು. ತಂತಿ ಜಾಗದಲ್ಲೇ ಇದ್ದುದರಿಂದ ಏಳು ತಿಂಗಳು ನನಗೆ ಗೊತ್ತೇ ಆಗಲಿಲ್ಲ, ಅಷ್ಟರಲ್ಲಿ ಆ ಒಂದು ಹಲ್ಲು ಮಾತ್ರ ಸಾಲಿನಿಂದ ಹೊರಬಂದಿತ್ತು. ಈಗ ಪ್ರತಿ ಭಾನುವಾರ ಉಗುರಿನಿಂದ ತಂತಿಯ ಉದ್ದಕ್ಕೂ ತಡವಿ ನೋಡುತ್ತೇನೆ. ಅದರ ಕೆಳಗೆ ಕಿಟ್ಟ ಕಟ್ಟುವುದೂ ಬೇಗ. ಸಾಮಾನ್ಯ ದಾರ ಹೋಗುವುದಿಲ್ಲ, ಗಟ್ಟಿ ತುದಿಯ ದಾರವನ್ನು ಸೂಜಿಯಂತೆ ತೂರಿಸಬೇಕು. ಇದರ ಜೊತೆಗೆ, ಪ್ಲೇಟಿನಂತೆಯೇ ಹಲ್ಲನ್ನು ಹಿಡಿದಿಡುವ, ರಾತ್ರಿ ಹಾಕುವ ಪಾರದರ್ಶಕ ರಿಟೇನರನ್ನೂ ಇಟ್ಟುಕೊಂಡಿದ್ದೇನೆ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಒಮ್ಮೆ ಅದನ್ನು ಬಿಸಿನೀರಿನಲ್ಲಿ ತೊಳೆದು ಹಪ್ಪಳದ ಹಾಗೆ ಸೊಟ್ಟ ಮಾಡಿಕೊಂಡೆ, ಆಗಿನಿಂದ ತಣ್ಣೀರು ಮಾತ್ರ.

ಪಡುವಣ:

ನನಗೆ ಐವತ್ತೆರಡು. ಜೀವಮಾನದಲ್ಲಿ ಕ್ಲಿಪ್ ಹಾಕಿದವನಲ್ಲ, ಸಂದೂ ಇರಲಿಲ್ಲ. ಈಗ ಎರಡು ವರ್ಷದಿಂದ ಮೇಲಿನ ಹಲ್ಲುಗಳು ಬೀಸಣಿಗೆ ಬಿಚ್ಚಿದಂತೆ ಮುಂದಕ್ಕೆ ಹರಡಿಕೊಳ್ಳುತ್ತಿವೆ. ಸಕ್ಕರೆ ಕಾಯಿಲೆಯಿದೆ. ಸಂದು ಹಲ್ಲು ಅದೃಷ್ಟ ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಾಳೆ. ಇದೂ ಇದೇ ಜಾತಿಯದೆ?

ನಿವೃತ್ತ ದಂತಶಿಕ್ಷಕ:

ಅಲ್ಲ, ಮತ್ತು ನೀವು ತಡಮಾಡಬಾರದು. ಐವತ್ತರ ಮೇಲೆ ಹೊಸದಾಗಿ ಹಲ್ಲು ಹರಡಿಕೊಳ್ಳುವುದು ಹೆಚ್ಚಾಗಿ ಒಸಡಿನ ರೋಗದಿಂದ ಎಲುಬು ತಗ್ಗಿರುವುದರ ಸೂಚನೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಒಸಡು ಬೇಗ ಕೆಡುತ್ತದೆ, ಒಸಡು ಕೆಟ್ಟಿದ್ದರೆ ಸಕ್ಕರೆಯೂ ಹತೋಟಿಗೆ ಬರಲು ಹಟ ಮಾಡುತ್ತದೆ. ಕ್ಲಿಪ್ಪಿನವರಲ್ಲಿಗಲ್ಲ, ಮೊದಲು ಒಸಡಿನ ತಜ್ಞರಲ್ಲಿಗೆ ಹೋಗಿ. ಉರಿಯೂತವಿರುವ ಎಲುಬಿನಲ್ಲಿ ಹಲ್ಲನ್ನು ಎಳೆದರೆ ಉಳಿದ ಎಲುಬೂ ಹೋಗುತ್ತದೆ.

ತುಂಗಾತೀರ:

ನಾಲ್ಕು ತಿಂಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಇಲ್ಲಿ ಸಲಹೆ ಕೊಟ್ಟವರಿಗೆ ಮುಂದೇನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ. ಸರ್, ನೀವು ಕೇಳಿದ ಪ್ರಶ್ನೆಗೆ ಉತ್ತರ ಹೌದು, ರಕ್ತ ಬರುತ್ತಿತ್ತು. ಬಸಿರಿನ ಆರನೆಯ ತಿಂಗಳಿನಿಂದಲೇ ಬರುತ್ತಿತ್ತು, ಬ್ರಷ್ ಗಟ್ಟಿಯಿರಬೇಕೆಂದು ಸುಮ್ಮನಿದ್ದೆ. ತುಟಿ ಎಳೆದಾಗ ಒಸಡು ಬಿಳಿಚಲಿಲ್ಲ, ಬೆರಳಿಟ್ಟು ಕಚ್ಚಿದಾಗ ಎಡಗಡೆಯ ಹಲ್ಲು ಮಾತ್ರ ಸಣ್ಣಗೆ ಅದುರಿತು.

ನಾನು ಹೋದ ಕಡೆ ಹಲ್ಲಿನ ಸುತ್ತ ಆರು ಜಾಗಗಳಲ್ಲಿ ಗೆರೆ ಹಾಕಿದ ಸಣ್ಣ ಕಡ್ಡಿ ಇಳಿಸಿ ಅಳೆದರು. ಮೂರು ಮಿಲಿಮೀಟರ್‌ವರೆಗೆ ಚಿಂತೆಯಿಲ್ಲವಂತೆ, ನನಗೆ ಮುಂದಿನ ಎರಡು ಹಲ್ಲುಗಳ ನಡುವೆ ಐದು ಬಂತು. ಪ್ಲೇಟಿನ ಮಾತು ಆಮೇಲೆ ಎಂದು ಹೇಳಿ, ಎರಡು ಸಲ ಕರೆಸಿ ಒಸಡಿನ ಒಳಗಿನವರೆಗೂ ಕ್ಲೀನ್ ಮಾಡಿದರು. ನಂತರದ ಮೂರು ತಿಂಗಳಲ್ಲಿ ನಾನು ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ಯಾವ ತಂತಿಯೂ ಇಲ್ಲದೆ ಸಂದು ತಾನಾಗಿಯೇ ಸ್ವಲ್ಪ ಕೂಡಿಕೊಂಡಿತು. ನಾಲ್ಕು ಮಡಿಕೆಯ ಬಸ್ ಟಿಕೆಟ್ ಈಗ ಹೋಗುವುದಿಲ್ಲ, ಎರಡು ಮಡಿಕೆಯದು ಹೋಗುತ್ತದೆ. ಊದಿದ ಒಸಡು ಇಳಿದರೆ ಹೀಗಾಗುವುದುಂಟು ಎಂದು ವೈದ್ಯರು ಹೇಳಿದರೂ ನನಗೆ ನಂಬಿಕೆ ಬರಲು ವಾರಗಳೇ ಬೇಕಾದವು.

ಉಳಿದದ್ದಕ್ಕೆ ಪೂರ್ತಿ ಕ್ಲಿಪ್ ಬೇಡ, ಮೇಲೆ ಕೆಳಗೆ ಕೆಲವು ತಿಂಗಳು ಅಲೈನರ್ (ಹಲ್ಲನ್ನು ಮೆಲ್ಲಗೆ ಸರಿಸುವ, ತೆಗೆದು ಹಾಕಬಹುದಾದ ಪಾರದರ್ಶಕ ಕವಚ) ಸಾಕು, ಮುಗಿದ ಮೇಲೆ ಮೇಲಿನ ಎರಡು ಹಲ್ಲುಗಳ ಹಿಂದೆ ಒಳತಂತಿ ಅಂಟಿಸೋಣ ಎಂದಿದ್ದಾರೆ. ಎಷ್ಟು ವರ್ಷ ಎಂದು ಈ ಸಲ ನಾನೇ ಕೇಳಿದೆ. ಹಲ್ಲು ಇರುವಷ್ಟು ವರ್ಷ ಎಂದರು. ಒಂದು ಸಂದೇಹ ಉಳಿದಿದೆ: ಕೂರದ ಹಳೆಯ ಪ್ಲೇಟನ್ನು ಅಲ್ಲಿಯವರೆಗೆ ಒತ್ತಿ ಹಾಕಿಕೊಳ್ಳಬಹುದೆ?

ನಿವೃತ್ತ ದಂತಶಿಕ್ಷಕ:

ಒತ್ತಿ ಹಾಕಬೇಡಿ. ಸ್ವಲ್ಪ ಬಿಗಿಯಾಗಿ, ಆದರೆ ಪೂರ್ತಿ ಕೂರುವ ಪ್ಲೇಟು ಹಲ್ಲನ್ನು ಹಿಡಿದಿಡುತ್ತದೆ, ಅಲ್ಪಸ್ವಲ್ಪ ಹಿಂದಕ್ಕೂ ತರುತ್ತದೆ. ಅರ್ಧ ಕೂತು ಅಂಚಿನಲ್ಲಿ ಎದ್ದು ನಿಂತದ್ದು ಹಲ್ಲನ್ನು ಯಾವ ದಿಕ್ಕಿಗೆ ತಳ್ಳುತ್ತದೆಂದು ಹೇಳಲಾಗದು. ನಿಮ್ಮ ಒಸಡು ಈಗಷ್ಟೇ ಚೇತರಿಸಿಕೊಂಡಿದೆ. ಈಗಿನ ಅಳತೆಗೆ ತಾತ್ಕಾಲಿಕವಾಗಿ ಒಂದು ಪಾರದರ್ಶಕ ರಿಟೇನರ್ ಮಾಡಿಸಿಕೊಳ್ಳಿ, ಇನ್ನಷ್ಟು ಕದಲದಿದ್ದರೆ ಸಾಕು. ಅಲೈನರ್ ಮುಗಿದ ದಿನ ನಿಮ್ಮ ಹಲ್ಲಿನ ಅಚ್ಚನ್ನು ಕೇಳಿ ಮನೆಗೆ ತನ್ನಿ. ರಿಟೇನರ್ ಕಳೆದರೆ ಅದೇ ಅಚ್ಚಿನ ಮೇಲೆ ಇನ್ನೊಂದನ್ನು ಎಳೆಸಬಹುದು.

ತುಂಗಾತೀರ:

ಹಾಗೆಯೇ ಮಾಡುತ್ತೇನೆ ಸರ್. ಮುಗಿದ ದಿನ ಎರಡು ಜೊತೆ ಮಾಡಿಕೊಡಬೇಕೆಂದು ಈಗಾಗಲೇ ಹೇಳಿದ್ದೇನೆ. ಒಂದು ಜೊತೆ ಶಿವಮೊಗ್ಗದ ಬೀರುವಿನಲ್ಲಿರುತ್ತದೆ.